ಇಲಾಖೆಯ ಜಾಲತಾಣವನ್ನು ಸರ್ಚ್‌ನ ಮೊದಲ ಪುಟಕ್ಕೆ ತರುವ ಬಗ್ಗೆ

ಜಾಲತಾಣ ವಿಭಾಗ
ಎರಡನೇ ಮಹಡಿ, ಕೆಟ್ಟುನಿಂತ ನೀರಿನ ಫಿಲ್ಟರಿನ ಪಕ್ಕದ ಕೋಣೆ

ಸಂಖ್ಯೆ: ಜಾವಿ/ಮೊಪು/14/ತಿದ್ದುಪಡಿ-3

ಸುತ್ತೋಲೆ

ವಿಷಯ: ಭೇಟಿ ಮತ್ತು ಕೊಂಡಿಗಳ ಮೂಲಕ ಜಾಲತಾಣದ ಸ್ಥಾನ ಸುಧಾರಿಸುವ ಕುರಿತು.

ಉಲ್ಲೇಖ: (1) ನಿರ್ದೇಶಕರ ಮೌಖಿಕ ಆದೇಶ (ಮೆಟ್ಟಿಲಿಳಿಯುತ್ತಾ ನೀಡಿದ್ದು).
(2) ಇದೇ ವಿಷಯದ ಹಿಂದಿನ ಸುತ್ತೋಲೆ (ಯಾರೂ ಓದಿಲ್ಲ).

ಪ್ರಸ್ತಾವನೆ:

ಇಲಾಖೆಯ ಹೆಸರನ್ನು ಸರ್ಚ್‌ನಲ್ಲಿ ಹಾಕಿದರೆ ನಮ್ಮ ಜಾಲತಾಣವು ಇಪ್ಪತ್ತೇಳನೇ ಪುಟದಲ್ಲಿ ಕಾಣಿಸುತ್ತದೆ. ಮೊಟ್ಟಮೊದಲು ಕಾಣಿಸುವುದು ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯ ಅಕ್ಕನವರು ನಡೆಸುವ “ಯಾವ ಕಿಟಕಿಗೆ ಯಾವ ಕಾಗದ” ಎಂಬ ಪುಟ. ಅದರಲ್ಲಿ ಯಾವ ನಮೂನೆಗೆ ಎಷ್ಟು ಫೋಟೋ, ಮೂರನೇ ಕಿಟಕಿಯವರು ಊಟಕ್ಕೆ ಎದ್ದರೆ ಎಷ್ಟು ಹೊತ್ತಿಗೆ ಬರುತ್ತಾರೆ, ಇಂದು ಯಾರು ರಜೆ ಎಂಬುದೆಲ್ಲ ಇದೆ. ನಮ್ಮದರಲ್ಲಿ ಇಲಾಖೆಯ ಧ್ಯೇಯೋದ್ದೇಶಗಳು ಮತ್ತು ನಿರ್ದೇಶಕರು ರಿಬ್ಬನ್ ಕತ್ತರಿಸುತ್ತಿರುವ ಹದಿನಾರು ಫೋಟೋಗಳಿವೆ.

ತಿಂಗಳ ಕೊನೆಯೊಳಗೆ ಮೊದಲ ಪುಟಕ್ಕೆ ಬರದಿದ್ದಲ್ಲಿ ಜಾಲತಾಣವನ್ನು ಮುಚ್ಚಿ, ಕೆಳಸಹಿದಾರರನ್ನು ನೆಲಮಾಳಿಗೆಯ ಹಳೆ ಕಡತಗಳ ಕೋಣೆಗೆ ಕಳಿಸುವುದಾಗಿ ಉಲ್ಲೇಖ (1)ರಲ್ಲಿ ಆದೇಶವಾಗಿದೆ. ಕೆಳಸಹಿದಾರರು ಆ ಕೋಣೆಯನ್ನು ನೋಡಿಬಂದಿದ್ದಾರೆ. ಕಿಟಕಿ ಇಲ್ಲ. ಆರು ವರ್ಷ ಒಬ್ಬರೇ ಕೂತು ಕಟ್ಟಿದ ಜಾಲತಾಣವಾದ್ದರಿಂದ ಅವರಿಗೆ ಇದು ಹೊಟ್ಟೆಪಾಡಿನ ಮಾತಷ್ಟೇ ಅಲ್ಲ ಎಂದು ಈ ಮೂಲಕ ತಿಳಿಯಪಡಿಸಲಾಗಿದೆ.

ಈ ತಿಂಗಳ ಮೊದಲ ದಿನ ಹೊರಡಿಸಿ, ಹಿಂದಿನ ಎರಡು ತಿದ್ದುಪಡಿಗಳಲ್ಲಿ ಬೆಳೆಸಿದ ಸೂಚನೆಗಳು (ಅಳಿಸುವ ಅಧಿಕಾರ ಯಾರಿಗೂ ಇಲ್ಲದ ಕಾರಣ ಹಾಗೆಯೇ ಉಳಿಸಲಾಗಿದೆ):

1. ನಲವತ್ತಾರೂ ಸಿಬ್ಬಂದಿ ದಿನಕ್ಕೆ ಇಪ್ಪತ್ತು ಬಾರಿ ಇಲಾಖೆಯ ಹೆಸರನ್ನು ಸರ್ಚ್ ಮಾಡಿ ಜಾಲತಾಣವನ್ನು ತೆರೆಯತಕ್ಕದ್ದು. ಬೆಳಿಗ್ಗೆಯೇ ಇಪ್ಪತ್ತನ್ನೂ ಒತ್ತಿ ಕೈತೊಳೆದುಕೊಳ್ಳುವುದನ್ನು ನಿಷೇಧಿಸಲಾಗಿದೆ.

2. ತೆರೆದ ಪುಟವನ್ನು ಮೂರು ನಿಮಿಷ ನೋಡತಕ್ಕದ್ದು. ಮೌಸ್ ಅಲುಗಾಡುತ್ತಿರಬೇಕು. ಒಬ್ಬರು ಮೌಸನ್ನು ಟೇಬಲ್ ಫ್ಯಾನಿಗೆ ಕಟ್ಟಿ ಕಾಫಿಗೆ ಹೋಗಿದ್ದು ಗಮನಕ್ಕೆ ಬಂದಿದೆ. ಅವರಿಗೆ ಎಚ್ಚರಿಕೆ ನೀಡಿ, ಫ್ಯಾನನ್ನು ಅಮಾನತಿನಲ್ಲಿಡಲಾಗಿದೆ.

3. ಪ್ರತಿ ಭೇಟಿಯನ್ನು ಭೇಟಿ ವಹಿಯಲ್ಲಿ ನಮೂದಿಸತಕ್ಕದ್ದು. ಷರಾ ಅಂಕಣದಲ್ಲಿ “ಬಹಳ ಉಪಯುಕ್ತ” ಎಂದು ಮಾತ್ರ ಬರೆಯಬಹುದು. ಟಪಾಲು ಗುಮಾಸ್ತರು “ನೋಡಿದೆ, ಮೊನ್ನೆ ಇದ್ದಿದ್ದೇ ಇದೆ” ಎಂದು ಬರೆದಿದ್ದು, ಅದು ನಿಜವಾದರೂ ಅಶಿಸ್ತು.

4. ಪ್ರತಿಯೊಬ್ಬರೂ ಹತ್ತು ಮಂದಿ ನೆಂಟರಿಂದ ಭೇಟಿ ಮಾಡಿಸತಕ್ಕದ್ದು. ಮಾತು ಬಿಟ್ಟಿರುವ ನಾದಿನಿ, ಓರಗಿತ್ತಿ, ಷಡ್ಡಕರನ್ನು ಈ ಸಲುವಾಗಿ ಮಾತಾಡಿಸಲು ಅರ್ಧ ದಿನದ ವಿಶೇಷ ರಜೆ ಇದೆ. ಮಾತಾಡಿಸಿ ಜಗಳ ಹೆಚ್ಚಾದಲ್ಲಿ ಅದನ್ನು ಗಳಿಕೆ ರಜೆಯಿಂದ ಕಳೆಯಲಾಗುವುದು.

5. ಬೇರೆಯವರ ಜಾಲತಾಣಗಳಲ್ಲಿ ನಮ್ಮ ಪುಟಕ್ಕೆ ಕೊಂಡಿ ಹಾಕಿಸತಕ್ಕದ್ದು. ಜೀಪಿನ ಚಾಲಕರ ಭಾವಮೈದುನರು ಗಾಜಿನ ತೊಟ್ಟಿಯ ಮೀನು ಮಾರುವ ತಮ್ಮ ಪುಟದಲ್ಲಿ ಪ್ರತಿ ಮೀನಿನ ಕೆಳಗೆ “ನಮೂನೆ 9 ನೋಡಿ” ಎಂದು ಹಾಕಿ ಸಹಕರಿಸಿದ್ದಾರೆ. ಮೀನು ಕೊಳ್ಳಲು ಹೋದ ಒಬ್ಬರು ನಮೂನೆ 9 ತುಂಬಿ ತಂದಿದ್ದು, ಅವಲಂಬಿತರ ಅಂಕಣದಲ್ಲಿ ಎರಡು ಬಂಗಾರದ ಮೀನುಗಳನ್ನು ತೋರಿಸಿದ್ದಾರೆ. ಮೀನುಗಳ ವಯಸ್ಸಿನ ದಾಖಲೆ ಕೇಳಲಾಗಿದೆ.

ಈ ತಿದ್ದುಪಡಿಯಲ್ಲಿ ಸೇರಿಸಿದ ಅಂಶಗಳು:

6. ಇಪ್ಪತ್ತನಾಲ್ಕು ದಿನಗಳ ನಂತರ ಸ್ಥಾನ ಪರಿಶೀಲಿಸಲಾಗಿ, ಜಾಲತಾಣವು ನಲವತ್ತೊಂದನೇ ಪುಟಕ್ಕೆ ಇಳಿದಿರುವುದು ಕಂಡುಬಂದಿದೆ. ಕಂಪ್ಯೂಟರ್ ರಿಪೇರಿಯವರನ್ನು ಕರೆಸಿ ಭೇಟಿಗಳ ವರದಿ ತೆಗೆಸಲಾಯಿತು. ಸಿಬ್ಬಂದಿಯೆಲ್ಲ ಸೂಚನೆಯಂತೆ ಸರ್ಚ್ ಮಾಡಿದ್ದಾರೆ. ಮಾಡಿ, ಮೊದಲು ಕಂಡದ್ದನ್ನು ಒತ್ತಿದ್ದಾರೆ. ಇಪ್ಪತ್ತೆರಡು ಸಾವಿರದ ಎಂಬತ್ತು ಭೇಟಿಗಳೂ ಜೆರಾಕ್ಸ್ ಅಂಗಡಿಗೆ ಸಂದಿವೆ. ಆ ಪುಟವನ್ನು ಇನ್ನು ಯಾರಪ್ಪನಿಂದಲೂ ಅಲುಗಾಡಿಸಲಾಗದು ಎಂದು ರಿಪೇರಿಯವರು ಅಭಿಪ್ರಾಯಪಟ್ಟಿದ್ದಾರೆ. ಸಮಜಾಯಿಷಿ ಕೇಳಿದಾಗ ನಲವತ್ತಾರೂ ಮಂದಿ “ಮೇಡಂ, ಯಾರು ರಜೆ ಅಂತ ಅಲ್ಲೇ ಅಲ್ವಾ ಗೊತ್ತಾಗೋದು” ಎಂದು ಒಂದೇ ಉತ್ತರ ಬರೆದುಕೊಟ್ಟಿದ್ದಾರೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಕೆಳಸಹಿದಾರರಿಗೆ ಅಳು ಬಂದಿತ್ತೆಂದು ದಾಖಲಿಸಲಾಗಿದೆ.

7. ಅದೇ ವರದಿಯ ಪ್ರಕಾರ, ಮೀನಿನವರನ್ನು ಬಿಟ್ಟರೆ, ಜಾಲತಾಣಕ್ಕೆ ನಿಜವಾದ ಭೇಟಿಗಾರರು ಒಬ್ಬರು ಇದ್ದಾರೆ. ದಿನವೂ ಬೆಳಿಗ್ಗೆ ಹತ್ತಕ್ಕೆ ಬಂದು, ಹದಿನೈದು ನಿಮಿಷವಿದ್ದು, ನಿರ್ದೇಶಕರ ಸಂದೇಶವನ್ನೂ ಬಿಡದೆ ಓದುತ್ತಾರೆ. ಇಂಥ ಪ್ರಜೆಯನ್ನು ಸನ್ಮಾನಿಸಬೇಕೆಂದು ನಿರ್ದೇಶಕರು ಬಯಸಿದ್ದರಿಂದ, ಅವರು ಯಾರೆಂದು ತಿಳಿಯಲು, ಪಾಸ್‌ವರ್ಡ್ ಮರೆತು ಆರು ವರ್ಷದಿಂದ ಮುಚ್ಚಿಯೇ ಇದ್ದ ಜಾಲತಾಣದ ಸಲಹಾ ಪೆಟ್ಟಿಗೆಯನ್ನು ರಿಪೇರಿಯವರಿಂದ ತೆರೆಸಲಾಯಿತು. ಮುನ್ನೂರಕ್ಕೂ ಮಿಕ್ಕಿ ಸಲಹೆಗಳಿದ್ದವು, ಎಲ್ಲವೂ ಅವರದೇ. ಸದರಿ ಪ್ರಜೆಯು ಕೆಳಸಹಿದಾರರ ಅತ್ತೆಯವರೆಂದು ತಿಳಿದುಬಂದಿದೆ.

ಮೊದಲ ಸಲಹೆ: “ಸೊಸೆ ದಿನವಿಡೀ ಆಫೀಸಲ್ಲಿ ಅದೇನು ಕಡಿದು ಕಟ್ಟೆ ಹಾಕ್ತಾಳೆ ನೋಡೋಣ ಅಂತ ತೆಗೆದೆ. ಹದಿನಾಲ್ಕು ತಪ್ಪಿದೆ.” ಕೊನೆಯದು: “ಇವತ್ತು ಎರಡೇ ತಪ್ಪು. ಪಾಪ, ಒಬ್ಬಳೇ ಕೂತು ಇಷ್ಟೆಲ್ಲಾ ಮಾಡಿದಾಳೆ. ಅವಳಿಗೆ ಹೇಳ್ಬೇಡಿ.” ಮದುವೆಯಾದ ಹತ್ತೊಂಬತ್ತು ವರ್ಷಗಳಲ್ಲಿ ಸದರಿ ಅತ್ತೆಯವರಿಂದ ಇಂಥ ಮಾತು ಬಂದ ದಾಖಲೆ ಬೇರೆಲ್ಲೂ ಇರುವುದಿಲ್ಲ. ಅವರ ಕೋರಿಕೆಯಂತೆ ಸನ್ಮಾನವನ್ನು ರದ್ದುಪಡಿಸಲಾಗಿದೆ.

8. ಅಂಶ 6ರ ಕಾರಣ ಬರುವ ತಿಂಗಳ ಒಂದರಿಂದ ಜಾಲತಾಣವನ್ನು ಆದೇಶದಂತೆ ಮುಚ್ಚಲಾಗುವುದು. ಸಾರ್ವಜನಿಕರು ಎದುರಿನ ಜೆರಾಕ್ಸ್ ಅಂಗಡಿಯನ್ನು ಸಂಪರ್ಕಿಸುವುದು. ಕೆಳಸಹಿದಾರರು ಕಡತಗಳ ಕೋಣೆಗೆ ತೆರಳುವರು. ಆದರೆ ದಿನವೂ ಬೆಳಿಗ್ಗೆ ಹತ್ತರಿಂದ ಹತ್ತೂಕಾಲರವರೆಗೆ ಮಾತ್ರ ಜಾಲತಾಣವನ್ನು ತೆರೆದಿಡಲು ನಿರ್ದೇಶಕರು ಒಪ್ಪಿಗೆ ನೀಡಿದ್ದಾರೆ (ಮೆಟ್ಟಿಲು ಹತ್ತುತ್ತಾ).

9. ಆ ಹದಿನೈದು ನಿಮಿಷಗಳಲ್ಲಿ ಸಿಬ್ಬಂದಿಯಲ್ಲಿ ಯಾರೂ ಜಾಲತಾಣವನ್ನು ತೆರೆಯತಕ್ಕದ್ದಲ್ಲ.

10. ಕೆಳಸಹಿದಾರರು ಕಡತಗಳ ಕೋಣೆಯಿಂದಲೇ ಪ್ರತಿದಿನ ಒಂದು ಹೊಸ ಪುಟವನ್ನು ಹಾಕತಕ್ಕದ್ದು. ಅದರಲ್ಲಿ ಎರಡು ತಪ್ಪುಗಳನ್ನು ಕಡ್ಡಾಯವಾಗಿ ಉಳಿಸತಕ್ಕದ್ದು. ಮೂರಾಗಕೂಡದು.

ಸಹಿ/-
ಅಧೀಕ್ಷಕಿ, ಜಾಲತಾಣ ವಿಭಾಗ
(ಒಂದನೇ ತಾರೀಖಿನಿಂದ: ಹಳೆ ಕಡತಗಳ ಕೋಣೆ)

ಪ್ರತಿಗಳು:
1. ನಿರ್ದೇಶಕರ ಆಪ್ತ ಸಹಾಯಕರಿಗೆ, ಸಾರಾಂಶ ಓದಿ ಹೇಳುವ ಸಲುವಾಗಿ.
2. ಜೆರಾಕ್ಸ್ ಅಂಗಡಿಯ ಅಕ್ಕನವರಿಗೆ, ನಲವತ್ತಾರು ಪ್ರತಿ ತೆಗೆಯಲು. ಅಂಶ 7 ಮತ್ತು 10ನ್ನು ಬಿಟ್ಟು ಉಳಿದದ್ದನ್ನು ತಮ್ಮ ಪುಟದಲ್ಲಿ ಹಾಕುವಂತೆ ಕೋರಿಕೆ, ಇಲ್ಲವಾದರೆ ಸಿಬ್ಬಂದಿಗೆ ತಿಳಿಯುವುದಿಲ್ಲ.
3. ಕಚೇರಿ ಕಡತಕ್ಕೆ.
4. ಕೆಳಸಹಿದಾರರ ಮನೆಗೆ: ಪ್ರತಿ ಇಲ್ಲ.