ಬ್ಯಾಂಜೋ ಅಂಕಲ್ ಜೊತೆ ರೆಕಾರ್ಡಿಂಗ್

ಪಿಟೀಲು ಹಿಡಿದವಳಿಗೆ ಮಾನ ಹೋಗೋ ಪ್ರಸಂಗಗಳಿಗೇನೂ ಬರವಿಲ್ಲ. ಆದರೆ ಟೆಕ್ಸಸ್ಸಿನಲ್ಲಿ ಬೆಟ್ಟದ ಹಾಡಿನ ಬ್ಯಾಂಡಿಗೆ ಸೇರಿದ ಮೇಲೆ ನನಗೆ ಅವು ವಾರಕ್ಕೊಂದರಂತೆ ಒದಗಿ ಬಂದವು.

ಆಗ ನಾವು ಡಲ್ಲಾಸ್ ಪಕ್ಕದ ಇರ್ವಿಂಗ್‌ನಲ್ಲಿದ್ವಿ. ನಾನು ಮನೇಲೇ ಮಕ್ಕಳಿಗೆ ಪಿಟೀಲು ಹೇಳಿಕೊಡ್ತಿದ್ದೆ. ಪಕ್ಕದ ಮನೆ ಅಂಕಲ್ ಟೆನ್ನೆಸ್ಸೀ ಬೆಟ್ಟದ ಕಡೆಯವರು, ಎಪ್ಪತ್ತು ದಾಟಿತ್ತು. ಅವರದು ದುಂಡು ಮುಖ, ಉದ್ದ ಕತ್ತು, ಐದು ತಂತಿಯ ಬ್ಯಾಂಜೋ, ಆಂಟಿದು ಗಿಟಾರ್, ಗೆಳೆಯರೊಬ್ಬರದು ಆಳೆತ್ತರದ ಬೇಸ್. ಅವರ ಪಿಟೀಲಿನವರು ತೀರಿಕೊಂಡಿದ್ರು. ಬೇಲಿಯಾಚೆಯಿಂದ ನನ್ನ ಸಾಧನೆ ಕೇಳಿಸಿಕೊಂಡು ಒಂದು ದಿನ ಆಂಟಿ ಬಾಗಿಲು ತಟ್ಟಿದ್ರು. ಅಂಕಲ್‌ಗೆ ಮರೆವಿನ ಕಾಯಿಲೆ ಶುರುವಾಗಿತ್ತು. ಅಪ್ಪನಿಂದ ಕಲಿತ ಮಟ್ಟುಗಳೆಲ್ಲ ಅವರ ತಲೆಯಲ್ಲಷ್ಟೇ ಇದ್ದವು, ಬರೆದಿಟ್ಟವರಿಲ್ಲ. "ಅವು ಹೋಗೋ ಮುಂಚೆ ರೆಕಾರ್ಡ್ ಮಾಡಬೇಕು, ಬರ್ತೀಯಾ?" ಅಂದ್ರು. ಇಲ್ಲ ಅನ್ನೋಕೆ ಮನಸ್ಸು ಬರಲಿಲ್ಲ. ಹಾಗೆ ಪ್ರತಿ ಶನಿವಾರ ಮೂರು ಗಂಟೆ ಡ್ರೈವ್ ಮಾಡಿ ಆಸ್ಟಿನ್ನಿನ ಸ್ಟುಡಿಯೋಗೆ ಹೋಗೋದು ಶುರುವಾಯ್ತು. ಅವರ ಇಂಗ್ಲಿಷನ್ನೆಲ್ಲ ನನ್ನ ಕನ್ನಡದಲ್ಲೇ ಹೇಳ್ತೀನಿ.

೧. ನೆಲದ ಮೇಲೆ

ಮೊದಲ ದಿನ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಪಿಟೀಲಿನ ತಲೆಯನ್ನ ಬಲಗಾಲಿನ ಹರಡಿನ ಮೇಲಿಟ್ಟು ಕೂತೆ. ನಮ್ಮ ಮೈಸೂರಲ್ಲಿ ಕಲಿತವರು ಇನ್ನು ಹೇಗೆ ಕೂರ್ತಾರೆ? ರೆಕಾರ್ಡಿಂಗ್ ಮಾಡೋ ಹುಡುಗ ನಿಂತು ನುಡಿಸೋರ ಎತ್ತರಕ್ಕೆ ಮೈಕ್ ಕಟ್ಟಿದ್ದ. ಗಾಜಿನ ಆಚೆಯಿಂದ "ಪಿಟೀಲಿನವರು ಇನ್ನೂ ಬಂದಿಲ್ವಾ?" ಅಂತ ಕೇಳಿದ. ಇಲ್ಲಿದ್ದೀನಪ್ಪಾ ಅಂತ ಕಮಾನು ಎತ್ತಿ ತೋರಿಸಿದೆ.

ನನಗೆ ನಾಚಿಕೆಯಾಗಿದ್ದು ಅಂಕಲ್‌ಗೆ ಗೊತ್ತಾಯ್ತು. "ನಮ್ಮಪ್ಪನೂ ಜಗಲಿ ಮೇಲೆ ಕೂತೇ ನುಡಿಸ್ತಿದ್ದ" ಅಂತ ಹೇಳಿ ಅವರೂ ನನ್ನ ಪಕ್ಕ ನೆಲಕ್ಕೆ ಇಳಿದರು. ಗಂಡ ಇಳಿದ ಮೇಲೆ ಆಂಟಿಯೂ ಇಳಿದರು. ನೆಲದ ಮೇಲೆ ಕೂತು ಎರಡು ಮಟ್ಟು ಚೆನ್ನಾಗೇ ಬಂದವು. ಆಮೇಲೆ ಇಬ್ಬರನ್ನೂ ಎಬ್ಬಿಸೋದಕ್ಕೆ ಮೂರು ಜನ ಬೇಕಾಯ್ತು, ಮೂರನೇ ಮಟ್ಟಿಗೆ ಟೈಮೇ ಉಳಿಯಲಿಲ್ಲ.

೨. ಕಾಲು

ಈ ಬೆಟ್ಟದ ಮಟ್ಟುಗಳಿಗೆ ಆದಿ ಇದೆ, ಅಂತ್ಯ ಇಲ್ಲ. ನುಡಿಸಿದ್ದನ್ನೇ ಸುತ್ತಿ ಸುತ್ತಿ ನುಡಿಸ್ತಾರೆ. ಸಾಕು ಅನ್ನಿಸಿದಾಗ ಮುಖ್ಯಸ್ಥ ಒಂದು ಕಾಲು ಮೇಲೆತ್ತುತ್ತಾನೆ, ಆ ಸುತ್ತಿಗೆ ಎಲ್ಲರೂ ನಿಲ್ಲಿಸಬೇಕು. ಇದನ್ನ ನನಗೆ ಯಾರೂ ಹೇಳಿರಲಿಲ್ಲ. ಅಂಕಲ್ ಕಾಲು ನೆಟ್ಟಗೆ ಚಾಚಿದ್ದು ನೋಡಿ, ಅಯ್ಯೋ ಪಾಪ, ಮೀನಖಂಡ ಹಿಡಕೊಂಡಿರಬೇಕು ಅಂತ ಪಿಟೀಲು ಕೆಳಗಿಟ್ಟು ಓಡಿಹೋಗಿ ತಿಕ್ಕೋಕೆ ಶುರು ಮಾಡಿದೆ. ಅವರೂ ನುಡಿಸೋದು ಬಿಡಲಿಲ್ಲ, ನಾನೂ ತಿಕ್ಕೋದು ಬಿಡಲಿಲ್ಲ.

ಸ್ವಲ್ಪ ದಿನ ಕಳೆದ ಮೇಲೆ ಅವರಿಗೆ ಕಾಲೆತ್ತೋದೇ ಮರೆತು ಹೋಗ್ತಿತ್ತು. ಒಂದು ಸಲ ಹದಿನೇಳು ಸುತ್ತು ನುಡಿಸಿದ್ವಿ. ಬೇಸಿನವರ ಬೆರಳಿಗೆ ಬೊಬ್ಬೆ ಬಂತು. ನಿಲ್ಲಿಸಿ ಅನ್ನೋಕೆ ಯಾರಿಗೂ ಬಾಯಿ ಬರಲಿಲ್ಲ, ಯಾಕಂದ್ರೆ ಆವತ್ತು ಅವರು ತುಂಬಾ ಖುಷಿಯಾಗಿದ್ರು. ಕೊನೆಗೆ ರೆಕಾರ್ಡಿಂಗ್ ಟೇಪೇ ಮುಗೀತು.

೩. ಗಡಿಯಾರ

ಅಂಕಲ್‌ನ ನೆನಪಿನ ಪರೀಕ್ಷೆಗೆ ಅಂತ ಹ್ಯೂಸ್ಟನ್ನಿನ ದೊಡ್ಡ ಡಾಕ್ಟರ್ ಹತ್ತಿರ ಕರಕೊಂಡು ಹೋದ್ವಿ. ಡಾಕ್ಟರ್ ಕಾಗದ ಕೊಟ್ಟು "ಒಂದು ಗಡಿಯಾರ ಬರೀರಿ" ಅಂದ್ರು. ಅಂಕಲ್ ದುಂಡಗೆ ಸೊಗಸಾದ ವೃತ್ತ ಬರೆದರು. ಆಂಟಿ ಮುಖ ಅರಳಿತು. ಆಮೇಲೆ ಆ ವೃತ್ತಕ್ಕೆ ಉದ್ದ ಕತ್ತು ಬಂತು, ಐದು ತಂತಿ ಬಂತು, ಬಿರಡೆಗಳೂ ಬಂದವು. ಡಾಕ್ಟರ್ ಮೆತ್ತಗೆ "ಈಗ ಗಂಟೆ ಎಷ್ಟು?" ಅಂತ ಕೇಳಿದ್ರು. "ಇನ್ನೂ ಶ್ರುತಿ ಮಾಡಿಲ್ಲ, ಸ್ವಲ್ಪ ತಡೀರಿ" ಅಂದ್ರು ಅಂಕಲ್.

ಹೊರಗೆ ಬಂದು, ನಮ್ಮವರ ಹೋಟೆಲ್‌ಗಳಿರೋ ಹಿಲ್‌ಕ್ರಾಫ್ಟ್ ಬೀದಿಯಲ್ಲಿ ದೋಸೆ ತಿನ್ನೋಕೆ ಕೂತ್ವಿ. ಆಂಟಿ ತಟ್ಟೆ ಮುಟ್ಟಲಿಲ್ಲ. ನಾನೂ ನನ್ನ ತಟ್ಟೆ ಪಕ್ಕಕ್ಕೆ ಸರಿಸಿದೆ. ಅಂಕಲ್ ತಮ್ಮದು, ಆಂಟಿದು, ನನ್ನದು ಮೂರೂ ದೋಸೆ ತಿಂದು ಕೈ ಒರೆಸಿಕೊಂಡು, "ಸರಿ, ಡಾಕ್ಟರ್ ಹತ್ತಿರ ಹೋಗೋಣ್ವಾ?" ಅಂದ್ರು.

೪. ಕೊನೇ ಶನಿವಾರ

ಒಂದೇ ಒಂದು ಮಟ್ಟು ಉಳಿದಿತ್ತು. ಅದು ಅವರಪ್ಪ ಸಾಯೋ ವರ್ಷ ಕಲಿಸಿದ್ದು. ಅದರಲ್ಲಿ ಮೂರು ಭಾಗ ಇದೆ ಅಂತ ಆಂಟಿಗೆ ಗೊತ್ತು, ಮೂರನೇದು ಹೇಗಂತ ಗೊತ್ತಿಲ್ಲ. ಅಂಕಲ್‌ಗೆ ಅದು ಮರೆತು ವರ್ಷವಾಗಿತ್ತು. ಎರಡೇ ಭಾಗ ಸಿಕ್ಕಿದರೆ ಸಾಕು ಅಂತ ಶುರು ಮಾಡಿದ್ವಿ.

ಎರಡನೇ ಸುತ್ತು ಮುಗಿದಾಗ ಅಂಕಲ್ ಕಣ್ಣು ಮುಚ್ಚಿದರು. ಕೈ ಹೊಸ ಜಾಗಕ್ಕೆ ಹೋಯ್ತು. ಮೂರನೇ ಭಾಗ ಹರಕೊಂಡು ಬಂತು, ಏನು ಚೆಂದ ಅಂತೀರಿ. ಜೊತೆಯವರು ಚೆನ್ನಾಗಿ ನುಡಿಸಿದಾಗ ಬಾಯಿ ಮುಚ್ಚಿಕೊಂಡು ಕೂರೋದು ಅನ್ಯಾಯ ಅಂತ ಕಲಿತವಳು ನಾನು. ತಡೆಯೋಕಾಗದೆ "ಭೇಷ್" ಅಂದುಬಿಟ್ಟೆ, ಮೈಕಿನ ಪಕ್ಕದಲ್ಲೇ, ಗಟ್ಟಿಯಾಗಿ.

ಮುಗಿದ ಮೇಲೆ ಹುಡುಗ ತಲೆ ಚಚ್ಚಿಕೊಂಡ. ಇನ್ನೊಂದು ಸಲ ಅಂದ. ಅಂಕಲ್ ನಾಲ್ಕು ಸಲ ಪ್ರಯತ್ನಪಟ್ಟರು, ಮೂರನೇ ಭಾಗ ಬರಲಿಲ್ಲ. ಮತ್ತೆಂದೂ ಬರಲಿಲ್ಲ. ನನ್ನ ಮಾತನ್ನ ಕತ್ತರಿಸಿದರೆ ಅದರ ಕೆಳಗಿನ ಸ್ವರಗಳೂ ಹೋಗ್ತಿದ್ದವು, ಹಾಗಾಗಿ ಸಿಡಿಯಲ್ಲಿ ಅದು ಹಾಗೇ ಉಳೀತು. ನಾನು ಎಷ್ಟು ದಿನ ಅತ್ತೆನೋ ಲೆಕ್ಕವಿಲ್ಲ. ಅವರಪ್ಪನ ಕೊನೇ ಮಟ್ಟನ್ನ ಕೈಯಾರೆ ಕೆಡಿಸಿದೆನಲ್ಲ ಅನ್ನೋದು ಒಳಗೇ ಕೊರೀತಿತ್ತು.

ಎರಡು ವರ್ಷದ ಮೇಲೆ ಅಂಕಲ್ ಹೋಗಿಬಿಟ್ಟರು. ಡಲ್ಲಾಸ್‌ನ ಒಂದು ಚರ್ಚ್ ಹಾಲ್‌ನಲ್ಲಿ ನೆನಪಿನ ಸಭೆ. ಅವರ ಊರ ಕಡೆಯಿಂದ ಐದಾರು ಹುಡುಗರು ವಾದ್ಯ ಹೊತ್ತುಕೊಂಡು ಬಂದಿದ್ರು. ನಮ್ಮ ಸಿಡಿ ಕೇಳಿ ಕೇಳಿ ಎಲ್ಲ ಕಲಿತಿದ್ದಾರಂತೆ. ಆ ಕೊನೇ ಮಟ್ಟನ್ನೇ ಎತ್ತಿಕೊಂಡರು. ಮೂರನೇ ಭಾಗ ಬಂತು. ನಾನು ತಲೆ ತಗ್ಗಿಸಿದೆ. ಸರಿಯಾಗಿ ಅದೇ ಜಾಗಕ್ಕೆ ಅಷ್ಟೂ ಜನ ಒಟ್ಟಿಗೆ ಕೂಗಿದರು, "ಭೇಷ್" ಅಂತ.

ಆಂಟಿ ನನ್ನ ಕೈ ಗಟ್ಟಿಯಾಗಿ ಹಿಡಕೊಂಡರು. ತಪ್ಪು ನಂದು, ಹೇಳಿಬಿಡೋಣ ಅಂತ ಏಳೋಕೆ ಹೋದೆ, ಬಿಡಲಿಲ್ಲ. "ನೀನು ಕೂಗಿದ್ದಕ್ಕೆ ತಾನೇ ಆ ಜಾಗ ಅವರ್‍ಯಾರೂ ಮರೆಯಲ್ಲ" ಅಂದ್ರು. ಇಬ್ಬರೂ ಅಳ್ತಾ ಕೂತ್ವಿ.

ಆಗ ಆ ಹುಡುಗರ ಮುಖ್ಯಸ್ಥ ಎದ್ದು ನಿಂತು, ಬಹಳ ಗೌರವದಿಂದ ಸಭೆಗೆ ವಿವರಿಸಿದ: "ಈ ಕೂಗು ತುಂಬಾ ಪ್ರಾಚೀನವಾದದ್ದು. ನಮ್ಮ ಬೆಟ್ಟದ ಹಿರಿಯರು ಸಂಜೆ ಹಂದಿಗಳನ್ನ ಮನೆಗೆ ಕರೆಯೋವಾಗ ಹೀಗೆ ಕೂಗ್ತಿದ್ದರು."