ನೂರ ಅರವತ್ತೊಂಬತ್ತು ಚೌಕಗಳು

ಕಿಟಕಿ ಪಕ್ಕದ ಮೇಜು ಖಾಲಿಯಾದದ್ದೇ ಎಲ್ಲಕ್ಕೂ ಮೂಲ. ಅಲ್ಲಿದ್ದವರು ನಿವೃತ್ತರಾದರು, ಆ ಜಾಗಕ್ಕೆ ನಾಲ್ಕು ಜನ ಗಂಟುಬಿದ್ದರು. ಯಾರ ನಿಷ್ಠುರವೂ ಬೇಡವಾದ ಸಾಹೇಬರು, ಸಂಜೆ ಐದಕ್ಕೆ ಪೋಕರ್ ಆಡಿ ಗೆದ್ದವರು ಕೂತುಕೊಳ್ಳಿ ಎಂದು ಬೆಳಿಗ್ಗೆಯೇ ಕೈತೊಳೆದುಕೊಂಡರು.

ಆ ನಾಲ್ವರೆಂದರೆ ಹೆಡ್ ಗುಮಾಸ್ತರು, ಅಕೌಂಟೆಂಟ್, ಹೊಸ ಟೈಪಿಸ್ಟ್, ಕೊನೆಗೆ ಕಪಾಟಣ್ಣ. ಕಡತಗಳ ಗುಮಾಸ್ತನಾದ ಅವನ ಕುರ್ಚಿ ಹನ್ನೊಂದು ವರ್ಷದಿಂದ ಕಪಾಟಿಗೂ ಶೌಚಾಲಯದ ಬಾಗಿಲಿಗೂ ನಡುವೆ ಇತ್ತು. ಯಾರು ದಿನಕ್ಕೆಷ್ಟು ಸಲ ಹೋಗುತ್ತಾರೆಂಬುದು ಅವನಿಗೆ ಬಾಯಿಪಾಠ. ಒಂದಿಷ್ಟು ಗಾಳಿ, ಒಂದು ತುಂಡು ಆಕಾಶ ಸಿಕ್ಕರೆ ಸಾಕಿತ್ತು, ಪಾಪ. ಆದರೆ ಇಸ್ಪೀಟಿನಲ್ಲಿ ಅವನು ಹೆಂಡತಿಯ ಎದುರೂ ಗೆದ್ದವನಲ್ಲ.

ಪುಣ್ಯಕ್ಕೆ ಪೋಕರ್ ಹುಚ್ಚಿನ ಭಾವಮೈದನೊಬ್ಬನಿದ್ದ. ಫೋನಿಗೆ ಸಿಕ್ಕವನೇ ಒಂದು ಫೈಲು ಕಳಿಸಿದ.

"ಸಾಲ್ವರ್ ಅನ್ನೋ ಪ್ರೋಗ್ರಾಂ ಲೆಕ್ಕ ಹಾಕಿರೋ ರೇಂಜು ಭಾವ. ಕೈಗೆ ಯಾವ ಎರಡು ಎಲೆ ಬಂದ್ರೆ ಆಡ್ಬೇಕು, ಯಾವುದನ್ನ ಎಸೀಬೇಕು, ಎಲ್ಲಾ ಇದೆ. ಅಭ್ಯಾಸದ ಸಾಫ್ಟ್‌ವೇರಿಗೆ ಇಂಪೋರ್ಟ್ ಮಾಡ್ಕೊಂಡು ಉರು ಹೊಡೀರಿ."

ಇಷ್ಟು ಹೇಳಿ, ರಾತ್ರಿ ಪಾಳಿ ಮುಗಿಸಿ ಬಂದಿದ್ದ ಆ ಮಹಾರಾಯ ಫೋನ್ ಆಫ್ ಮಾಡಿ ಮಲಗಿಬಿಟ್ಟ.

ಇಂಪೋರ್ಟ್ ಒತ್ತಿದರೆ ಮೂರು ಸಲವೂ 'ಆಗದು' ಎಂದಿತು. ಅಷ್ಟರಲ್ಲಿ ಕಚೇರಿಯೇ ಅವನ ಕುರ್ಚಿಯ ಸುತ್ತ ನೆರೆದಿತ್ತು. ಮುಚ್ಚಿ ತೆರೆಯಲು ಒಬ್ಬರು ಹೇಳಿದರು, ಕೀಬೋರ್ಡಿಗೆ ಊದಲು ಅಕೌಂಟೆಂಟ್ ಹೇಳಿದರು. ಊದಿದ್ದಕ್ಕೋ ಏನೋ, ನೂರ ಅರವತ್ತೊಂಬತ್ತು ಚೌಕಗಳ ಪಟ್ಟಿ ಪರದೆಯ ಮೇಲೆ ತೆರೆದುಕೊಂಡಿತು. ಒಂದೊಂದು ಚೌಕಕ್ಕೂ ಒಂದೊಂದು ಜೋಡಿ ಎಲೆ. ಕೆಲವು ಹಸಿರು, ಹೆಚ್ಚಿನವು ಕೆಂಪು. ಯಾವ ಬಣ್ಣಕ್ಕೆ 'ಆಡು', ಯಾವುದಕ್ಕೆ 'ಎಸೆ' ಎಂದು ಸಾಫ್ಟ್‌ವೇರ್ ಕೇಳಿತು.

ಆ ಕಚೇರಿಯಲ್ಲಿ ಕೆಂಪು ಚೀಟಿಯ ಕಡತ ತಕ್ಷಣ ಮುಂದಿನ ಮೇಜಿಗೆ ಹೋಗಬೇಕು. ಹಸಿರು ಚೀಟಿಯದ್ದು ಕೆಲಸ ಮುಗಿದದ್ದು, ಕಪಾಟಿಗೆ ಸೇರಬೇಕು. ಇದು ಎಲ್ಲರ ರಕ್ತದಲ್ಲೇ ಬೆರೆತಿತ್ತು.

"ಇದಕ್ಕೇನು ಯೋಚನೆ? ಕೆಂಪು ಮುಂದಕ್ಕೆ, ಹಸಿರು ಬದಿಗೆ," ಎಂದರು ಹೆಡ್ ಗುಮಾಸ್ತರು.

ಕಪಾಟಣ್ಣ ಹಾಗೆಯೇ ಒತ್ತಿದ. ಎರಡು ಎಕ್ಕ ಬಂದರೆ ಎಸೆಯಬೇಕಂತೆ, ಇದೆಂಥದ್ದು ಎಂದು ಅಕೌಂಟೆಂಟ್ ರಾಗ ಎಳೆದರು.

"ಅದೇ ಕಣ್ರೀ ಕಂಪ್ಯೂಟರಿನ ಬುದ್ಧಿ. ನಮ್ಮ ತಲೆಗೇ ಹೊಳೆಯೋದಾದ್ರೆ ಮಷೀನ್ ಯಾಕೆ ಬೇಕು?" ಎಂದರು ಹೆಡ್ ಗುಮಾಸ್ತರು.

ಬಂದು ಎರಡು ವಾರವಾಗಿದ್ದ ಹೊಸ ಟೈಪಿಸ್ಟ್ ಫೋನಿನಲ್ಲಿ ಪರದೆಯ ಫೋಟೋ ತೆಗೆದುಕೊಂಡು ತನ್ನ ಜಾಗಕ್ಕೆ ಹೋದಳು.

ಕಪಾಟಣ್ಣ ಊಟ ಬಿಟ್ಟು ಉರು ಹೊಡೆದ. ಐದಕ್ಕೆ ಕಾಗದದ ಕ್ಲಿಪ್ಪುಗಳನ್ನು ಪಣವಾಗಿ ಹಂಚಿ ಆಟ ಶುರುವಾಯಿತು. ಪ್ರತಿ ಸಲ ಎಲೆ ಹಂಚುವ ಮುಂಚೆ ಎಲ್ಲರೂ ಒಂದಿಷ್ಟು ಕ್ಲಿಪ್ಪು ಕಟ್ಟಲೇಬೇಕು, ಎಲೆ ಎಸೆದರೆ ಅದು ಹೋದಂತೆ. ಅವನಿಗೆ ಮೊದಲು ಬಂದದ್ದು ಮೂರು, ಎಂಟು. ಎಂಥ ದರಿದ್ರ ಎಲೆ! ಆದರೆ ಪಟ್ಟಿಯಲ್ಲಿ ಅದು ಕೆಂಪು. ಅವನು ಅರ್ಧ ಗುಡ್ಡೆಯನ್ನೇ ಮುಂದೆ ತಳ್ಳಿದ. ಯಂತ್ರ ಹೇಳಿಕೊಟ್ಟ ಮೇಲೆ ಏನೋ ಇರಲೇಬೇಕೆಂದು ಮೂವರೂ ಎಲೆ ಎಸೆದರು. ಮುಂದಿನ ಸಲವೂ ಹಾಗೇ. ಹೀಗೆ ಹೆದರಿ ಹೆದರಿಯೇ ಹೆಡ್ ಗುಮಾಸ್ತರೂ ಅಕೌಂಟೆಂಟರೂ ಬರಿಗೈಯಾದರು. ಕಪಾಟಣ್ಣನಿಗೆ ಆಗಲೇ ಕಿಟಕಿಯ ಗಾಳಿ ಕೆನ್ನೆಗೆ ತಾಗಿದಂತಾಯಿತು.

ಉಳಿದವಳು ನಡುನಡುವೆ ಒಂದೊಂದು ಆಟ ಗೆಲ್ಲುತ್ತ ಬಂದಿದ್ದ ಟೈಪಿಸ್ಟ್ ಒಬ್ಬಳೇ, ಇಬ್ಬರ ಮುಂದೆಯೂ ಸಮಸಮ ಗುಡ್ಡೆ. ಕಪಾಟಣ್ಣನಿಗೆ ಎರಡು ಎಕ್ಕ ಬಂದವು. ಹಸಿರು. ವಿಧೇಯನಾಗಿ ಎಸೆದ. ಆಮೇಲೆ ಏಳು, ಎರಡು ಬಂತು. ಅಚ್ಚ ಕೆಂಪು. ಇದ್ದಬದ್ದ ಕ್ಲಿಪ್ಪನ್ನೆಲ್ಲ ತಳ್ಳಿದ.

ಅವಳು ಹೆದರಲಿಲ್ಲ, ತನ್ನ ಗುಡ್ಡೆಯನ್ನೂ ತಳ್ಳಿ ಎರಡು ರಾಜರನ್ನು ಬಿಡಿಸಿಟ್ಟಳು. ಇಬ್ಬರಿಗೂ ಸೇರಿ ಮೇಜಿನ ಮೇಲೆ ಬಿಡಿಸಿದ ಐದು ಎಲೆಯಲ್ಲಿ ಒಂದೂ ಕಪಾಟಣ್ಣನ ಕೈಹಿಡಿಯಲಿಲ್ಲ.

"ನಿಮ್ಮ ಪಟ್ಟಿನೇ ಸರ್," ಎಂದು ಅವಳು ಸಂಕೋಚದಿಂದ ಫೋಟೋ ತೋರಿಸಿದಳು. "ನಂಗೆ ಇಲ್ಲಿನ ಚೀಟಿ ಲೆಕ್ಕ ಇನ್ನೂ ಗೊತ್ತಿಲ್ಲ. ರಸ್ತೆ ಸಿಗ್ನಲ್ ಥರ ಹಸಿರಿಗೆ ಹೋದೆ, ಕೆಂಪಿಗೆ ನಿಂತೆ."

ತಮಗೆ ಆಗಲೇ ಅನುಮಾನವಿತ್ತೆಂದು ಹೆಡ್ ಗುಮಾಸ್ತರು ಹೇಳಿದರು.

ಕಪಾಟಣ್ಣನಿಗೆ ಅಳು ಬರುವಂತಾಯಿತು. ಮರುಕ್ಷಣ ಒಂದು ಯೋಚನೆ ಬಂದು ಮುಖ ಅರಳಿತು: ತಲೆಕೆಳಗಾದ ಪಟ್ಟಿಯಲ್ಲೇ ಇಬ್ಬರನ್ನು ಮಣಿಸಿದವನು, ಸರಿಯಾದದ್ದು ಸಿಕ್ಕರೆ ಬಿಟ್ಟಾನೆಯೇ? ಓಡಿಹೋಗಿ ಬಣ್ಣ ಬದಲಿಸಿ ಮತ್ತೆ ಇಂಪೋರ್ಟ್ ಮಾಡಿದ. ಈ ಸಲ ಒಂದೇ ಒತ್ತಿಗೆ ಆಯಿತು.

"ನಿಮ್ಮ ಸರ್ವೀಸು ಇನ್ನೆಷ್ಟು ವರ್ಷ ಇದೆಯಮ್ಮಾ?" ಎಂದು ಕೇಳಿದ.

"ಇಪ್ಪತ್ತೊಂಬತ್ತು, ಸರ್."

ಅವನಿಗೆ ಉಳಿದದ್ದು ಹನ್ನೆರಡು. ಇರಲಿ, ವರ್ಗಾವರ್ಗಿ ಎಂಬುದೂ ಒಂದಿದೆಯಲ್ಲ ಎಂದುಕೊಂಡು ಪಟ್ಟಿಯ ಮೊದಲ ಸಾಲನ್ನು ಉತ್ಸಾಹದಿಂದ ಉರು ಹೊಡೆಯತೊಡಗಿದ. ಪಕ್ಕದ ಬಾಗಿಲು ಕಿರ್ರೆಂದಿತು. ಹೆಡ್ ಗುಮಾಸ್ತರು, ಇವತ್ತಿಗೆ ಏಳನೇ ಸಲ.