ಅಕ್ಕನನ್ನು ಕರೆತರಲು ಹೊರಟ ಕಾರು

ನನ್ನ ಕಾರಿನ ಬ್ಯಾಟರಿ ರಿಪೇರಿಗೆ ಒಟ್ಟು ಆದ ಖರ್ಚು ಇಷ್ಟು: ಎರಡು ಬ್ಯಾಟರಿ, ಒಂದು ಸೊಂಟ, ಒಂದು ಗೌರಿ ಹಬ್ಬ. ಬ್ಯಾಟರಿಗೆ ಬಿಲ್ಲಿದೆ. ಸೊಂಟಕ್ಕೆ ಎಣ್ಣೆಯಿದೆ. ಹಬ್ಬಕ್ಕೆ ಏನೂ ಇಲ್ಲ. ಬರುವ ವರ್ಷವೂ ಹಬ್ಬ ಬರುತ್ತದಲ್ಲ ಎಂದು ನೀವು ಕೇಳಬಹುದು. ಬರುತ್ತದೆ. ಹಬ್ಬವೇನೋ ಬರುತ್ತದೆ.

ಇಷ್ಟೆಲ್ಲ ಖರ್ಚಿಗೆ ಕಾರಣವೇನು ಅಂದರೆ ನನ್ನ ಬುದ್ಧಿವಂತಿಕೆ. ಬೇರೆ ಯಾರ ಮೇಲಾದರೂ ಹಾಕಲು ನೋಡಿದೆ, ಆಗಲಿಲ್ಲ.

ನಾನು ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುವವನು. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ನೀರೆಷ್ಟು, ಕೊಬ್ಬರಿಯೆಷ್ಟು ಎಂದು ಹೇಳಬಲ್ಲೆ. ಚೌಕಾಸಿಯಲ್ಲಿ ನನ್ನನ್ನು ಸೋಲಿಸುವವರು ಪೇಟೆಯಲ್ಲಿ ಇನ್ನೂ ಅಂಗಡಿ ಇಟ್ಟಿಲ್ಲ. ಕೇಳಿದವರಿಗೆ ಸಲಹೆ ಕೊಡುತ್ತೇನೆ. ಕೇಳದವರಿಗೆ ಇನ್ನೂ ವಿವರವಾಗಿ ಕೊಡುತ್ತೇನೆ.

ಇಂಥ ನಾನು ಹಾಸನದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. ಹಿಂದೆ ಉದ್ದನೆಯ ಡಿಕ್ಕಿ ಇರುವ ಕಾರು. ಮಾರಿದವನು ಕೊನೆಗೆ ಕೈ ಮುಗಿದು, "ತಕೊಂಡೋಗಿ ಸಾ, ನನ್ನ ಬುಟ್ಬುಡಿ" ಎಂದ. ಅಂಥ ವ್ಯಾಪಾರ! ಊರಿಗೆ ತಂದು ಸೀಟ್ ಕವರ್ ಹಾಕಿಸಿದೆ. ಅಲ್ಲೂ ಸುಮ್ಮನಿರಲಿಲ್ಲ.

"ಬರೀ ಸೀಟ್ ಕವರ್ ಹಾಕಿ ಕಳುಸ್ತೀಯೇನಪ್ಪಾ? ಮೇಲೆ ಏನಾರಾ ಒಂದು ಹಾಕು."

ಅಂಗಡಿಯವನು ಡಿಕ್ಕಿಯ ಬಾಯಿಗೆ ಸುತ್ತಲೂ ರಬ್ಬರ್ ಪಟ್ಟಿ ಅಂಟಿಸಲು ಬಂದ. ಧೂಳು ಒಳಗೆ ಬರುವುದಿಲ್ಲವಂತೆ. ನಾನು ಮುಟ್ಟಿ ನೋಡಿದೆ. ತೆಳ್ಳಗಿತ್ತು.

"ಇದಲ್ಲ. ಅಗೋ ಆ ದಪ್ಪದ್ದು."

"ಸಾ, ಅದು ಲಾರಿಗೆ ಆಕೋದು."

"ಲಾರಿ ಧೂಳು ಬೇರೆ, ಕಾರಿನ ಧೂಳು ಬೇರೆಯಾ? ಆಕು."

ಹಾಕಿದ. ಪುಕ್ಕಟೆ! ಆ ದಿನ ನನ್ನಷ್ಟು ಸಂತೋಷದ ಮನುಷ್ಯ ತಾಲ್ಲೂಕಿನಲ್ಲಿ ಇರಲಿಲ್ಲ.

ಮನೆಗೆ ಬಂದವನೇ ಹಳೇಕೋಟೆಗೆ ಫೋನ್ ಮಾಡಿದೆ. ಅಲ್ಲಿ ನನ್ನ ಅಕ್ಕ ಕೆಂಪಮ್ಮ ಇದ್ದಾಳೆ, ಮಗ ಮಂಜನ ಜೊತೆ. ಅವ್ವ ಬೇಗ ಹೋದಳು, ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳೇ. ನಮ್ಮ ಕಡೆ ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯಬೇಕು. ಕರೆಯುವುದು ಅಂದರೆ ಫೋನಿನಲ್ಲಿ ಹೇಳುವುದಲ್ಲ. ಒಡಹುಟ್ಟಿದವನು ಹೋಗಿ, ಹೊಸ್ತಿಲ ಹತ್ತಿರ ನಿಂತು "ಬಾ ಅಕ್ಕ" ಅನ್ನಬೇಕು. ಹಾಗೆ ಕರೆಯದಿದ್ದರೆ ಅವಳು ಬರುವವಳಲ್ಲ. ಅವಳ ಮದುವೆಯಾದಾಗಿನಿಂದ ಪ್ರತಿ ವರ್ಷ ನಾನು ಬಸ್ಸಿನಲ್ಲಿ ಹೋಗಿ ಕರೆತರುತ್ತಿದ್ದೆ.

"ಅಕ್ಕಾ, ಈ ಸಲ ಕಾರಲ್ಲಿ ಬತ್ತೀನಿ."

"ಯಾರ್ ಕಾರ್ಲಾ?"

"ನಂದೇ ಕಣಕ್ಕಾ!"

"ನೀನೇ ಓಡುಸ್ತೀಯಾ? ಅಂಗಾದ್ರೆ ನಾನು ನಡ್ಕೊಂಡೇ ಬತ್ತೀನಿ ಬುಡು" ಎಂದು ನಕ್ಕಳು. ಆದರೆ ಸಂಜೆಯೊಳಗೆ ಇಡೀ ಬೀದಿಗೆ ಹೇಳಿದ್ದಳು. "ನನ್ ತಮ್ಮ ಕಾರ್ ತತ್ತಾನೆ ಕಣ್ರೇ" ಅಂತ ಹಾಲಿನ ಡೈರಿಯಲ್ಲಿ ನಿಂತು ಹೇಳಿದಳಂತೆ. ಮಂಜ ಫೋನ್ ಮಾಡಿ ತಿಳಿಸಿದ.

ಅದಾದ ಎರಡನೇ ದಿನ ಕಾರು 'ಟಿಕ್' ಎಂದಿತು. ಅಷ್ಟೇ ಎಂದದ್ದು.

ಪಕ್ಕದ ಮನೆಯ ಪುಟ್ಟಸ್ವಾಮಿ ಬಂದರು. ಅವರು ನಿವೃತ್ತ ಬಸ್ ಕಂಡಕ್ಟರ್. ಜೀವಮಾನವಿಡೀ ಬಸ್ಸಿನಲ್ಲೇ ಇದ್ದದ್ದರಿಂದ ಎಂಜಿನ್ ವಿಷಯ ತಮಗೆ ಗೊತ್ತಿದೆ ಎಂಬುದು ಅವರ ವಾದ. ಬಾನೆಟ್ ಎತ್ತಿ ಬಹಳ ಹೊತ್ತು ನೋಡಿದರು. ಆಮೇಲೆ ಬಾನೆಟ್ ಇಳಿಸಿದರು.

"ತಳ್ಳಣ ಕಣಪ್ಪಾ."

ತಳ್ಳಿದೆವು. ಅಂದರೆ ಬೀದಿಯವರು ತಳ್ಳಿದರು, ಪುಟ್ಟಸ್ವಾಮಿ ಹಿಂದಿನಿಂದ ಕಾರಿನ ಮೈಗೆ ತಟ್ಟಿ "ರೈಟ್! ರೈಟ್!" ಎಂದರು. ಕಾರು ಹೊರಟಿತು. ಅವರು ಅಭ್ಯಾಸಬಲದಿಂದ ಓಡಿಬಂದು ಹತ್ತಿಕೊಂಡರು.

ಬ್ಯಾಟರಿ ಅಂಗಡಿಯವನು, "ಬ್ಯಾಟರಿ ಮುಗ್ದೋಗದೆ ಸಾ, ವಸದು ಆಕಿ" ಎಂದ. ಹೊಸದೇ? ನನ್ನ ಹತ್ತಿರವೇ? ಬಹಳ ಚೌಕಾಸಿ ಮಾಡಿ, 'ಹೊಸದರ ಥರಾನೇ' ಇರುವ ಹಳೆಯದನ್ನು ಹಾಕಿಸಿಕೊಂಡು ಬಂದೆ. ಅದು ಒಂದು ರಾತ್ರಿ ಬಾಳಿತು. ಜಗಳವಾಡಿ ಹೊಸದನ್ನೇ ಹಾಕಿಸಿದೆ. ಅದು ದಿನಾ ಓಡಿಸಿದರೆ ಸರಿ, ಒಂದೆರಡು ದಿನ ನಿಲ್ಲಿಸಿದರೆ 'ಟಿಕ್'.

ನನಗೆ ಅನುಮಾನ ಬಂತು. ಕರೆಂಟು ಎಲ್ಲೋ ಹೋಗುತ್ತಿದೆ ಅಂದರೆ ಯಾರೋ ಕದಿಯುತ್ತಿರಬೇಕು. ಪುಟ್ಟಸ್ವಾಮಿಯವರ ಮನೆಯಲ್ಲಿ ಕರೆಂಟ್ ಹೋದಾಗಲೂ ಒಂದು ಬಲ್ಬು ಉರಿಯುವುದನ್ನು ನಾನು ಗಮನಿಸಿದ್ದೆ. ಸಮಯ ನೋಡಿ, ವೈರು ಎಲ್ಲಿಂದ ಬಂದಿದೆ ಎಂದು ಕಾಂಪೌಂಡ್ ಮೇಲೆ ಬಗ್ಗಿ ನೋಡುತ್ತಿರುವಾಗ ಅವರ ಹೆಂಡತಿ ಕಂಡರು.

"ಏನಣ್ಣಾ ನೋಡ್ತಿದೀರಿ?"

"ಕರಿಬೇವು ಚೆನ್ನಾಗಿ ಬಂದದೆ ಅಂತ."

ಒಂದು ಕಂತೆ ಕರಿಬೇವು ಕೊಟ್ಟು ಕಳಿಸಿದರು. ನನ್ನ ಹೆಂಡತಿ ನಾಗರತ್ನ ಅದನ್ನು ನೋಡಿ, "ಬ್ಯಾಟರಿ ಕಳ್ಳನ ಹಿಡ್ಕೊಂಡ್ ಬತ್ತೀನಿ ಅಂತ ಹೋಗಿ ಒಗ್ಗರಣೆಗೆ ತಂದ್ರಾ?" ಎಂದಳು. ಅವರದು ಚಾರ್ಜ್ ಆಗುವ ಬಲ್ಬು ಎಂದೂ ಅವಳೇ ಹೇಳಿದಳು.

ಹೀಗೆ ಹಬ್ಬದ ಹಿಂದಿನ ದಿನ ಬಂತು. ಅಕ್ಕನನ್ನು ಕರೆಯುವ ದಿನ. ಬೆಳಿಗ್ಗೆ ಬಿಳಿ ಪಂಚೆ ಉಟ್ಟು ಕುಳಿತು ಕೀಲಿ ತಿರುಗಿಸಿದೆ. ಟಿಕ್.

"ಬಾಡಿಗೆ ಕಾರು ಮಾಡ್ಕೊಂಡು ಹೋಗ್ರೀ" ಎಂದಳು ನಾಗರತ್ನ.

"ಮನೆ ಮುಂದೆ ಸ್ವಂತ ಕಾರು ನಿಲ್ಸ್ಕೊಂಡು ಬಾಡಿಗೆ ಕಾರಾ? ನೋಡ್ದೋರು ಏನಂತಾರೆ?"

"ಬಸ್ಸಲ್ಲಾರಾ ಹೋಗಿ. ಅತ್ತಿಗೆ ಕಾಯ್ತಿರ್ತಾರೆ."

"ಇಡೀ ಬೀದಿಗೆ ಕಾರು ಅಂತ ಹೇಳವ್ಳೆ ಕಣೇ. ಬಸ್ಸಲ್ಲಿ ಹೋಗಿ ಇಳಿದ್ರೆ ಅವಳ ಮಾನ ಏನಾಯ್ತದೆ?"

ಮಾನ ಅಕ್ಕನದೋ ನನ್ನದೋ ಎಂದು ಅವಳು ಕೇಳಲಿಲ್ಲ. ಕೇಳಬಹುದಿತ್ತು.

ಬೀದಿಯೆಲ್ಲ ಸೇರಿ ತಳ್ಳಿತು. ಪುಟ್ಟಸ್ವಾಮಿ ರೈಟ್ ಹೇಳಿದರು. ಕಾರು ಶುರುವಾಯಿತು! ಎಲ್ಲರೂ ಒಂದೇ ಮಾತು ಕೂಗಿದರು: "ಎಲ್ಲೂ ಆಫ್ ಮಾಡ್ಬೇಡಿ!"

ನಾನು ಆಫ್ ಮಾಡುತ್ತಿರಲಿಲ್ಲ. ಆದರೆ ಅಕ್ಕನಿಗೆ ಹೂವು ಬೇಕಲ್ಲ. ಊರು ದಾಟುವ ಮೊದಲು ರಸ್ತೆ ಬದಿಯಲ್ಲಿ ಸೇವಂತಿಗೆ ಮಾರುವ ಹೆಂಗಸಿನ ಮುಂದೆ ನಿಲ್ಲಿಸಿ, ಕಿಟಕಿಯಿಂದಲೇ ಮಾರು ಎಷ್ಟು ಎಂದು ಕೇಳಿದೆ. ಅವಳು ಹೇಳಿದ ರೇಟು ಕೇಳಿ ನನ್ನ ಮೈಯಲ್ಲಿದ್ದ ವ್ಯಾಪಾರಿ ಎದ್ದು ಕುಳಿತ. ಹಬ್ಬದ ರೇಟು! ಇದು ಒಂದೆರಡು ಮಾತಿನಲ್ಲಿ ಮುಗಿಯುವ ಚೌಕಾಸಿಯಲ್ಲ ಎಂದು ತಿಳಿಯಿತು. ಅಷ್ಟು ಹೊತ್ತು ಪೆಟ್ರೋಲು ಸುಮ್ಮನೆ ಉರಿಯಬೇಕೇ?

ಆಫ್ ಮಾಡಿದೆ.

ಹೂವು ಅಗ್ಗಕ್ಕೆ ಸಿಕ್ಕಿತು. ಅದನ್ನು ಹೇಳಲೇಬೇಕು.

ಆ ಕಾರು ಮತ್ತೆ ಅಲುಗಾಡಲಿಲ್ಲ. ತಳ್ಳಿದವರಿಗೆಲ್ಲ ಏದುಸಿರು ಬಂತು. ಕೊನೆಗೆ ಒಂದು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಮನೆಗೆ ತಂದರು. ಹಿಂದೆ ಕಾರಿನಲ್ಲಿ ಸ್ಟೀರಿಂಗ್ ಹಿಡಿದು, ಬಿಳಿ ಪಂಚೆಯಲ್ಲಿ, ತೊಡೆಯ ಮೇಲೆ ಸೇವಂತಿಗೆ ಇಟ್ಟುಕೊಂಡು ನಾನು. ಪೇಟೆಯವರು ದಾರಿ ಬಿಟ್ಟು ನಿಂತು ನೋಡಿದರು. ಮಧ್ಯಾಹ್ನದ ಬಸ್ಸು ಇನ್ನೂ ಇತ್ತು. ನಾನು ಹತ್ತಲಿಲ್ಲ. ಮುಖ ತೊಳೆದುಕೊಂಡು ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕಾ, ಕಾರು ಒಸಿ ತೊಂದರೆ. ಹಬ್ಬ ಕಳೀಲಿ. ಸರಿ ಮಾಡುಸ್ಕೊಂಡು ಬಂದು ಜಮ್ಮಂತ ಕರ್ಕೊಂಡ್ ಬತ್ತೀನಿ."

"ಬಸ್ಸಲ್ಲೇ ಬಾ ಕಣ್ಲಾ. ಕಾರ್ ನೋಡಿ ನಾನೇನು ಮಾಡ್ಲಿ? ಸೀರೆ ಉಟ್ಕೊಂಡ್ ಕುಂತಿವ್ನಿ."

"ಇಲ್ಲಕ್ಕಾ, ಕಾರಲ್ಲೇ ಬತ್ತೀನಿ."

"ಸರಿ ಬುಡು. ನಿಧಾನವಾಗೇ ಬಾ."

ಹಬ್ಬ ಕಳೆಯಿತು. ನಾಗರತ್ನ ಅಕ್ಕನ ಹೆಸರಿನ ಬಾಗಿನವನ್ನು ಎತ್ತಿ ದೇವರ ಗೂಡಿನ ಪಕ್ಕ ಇಟ್ಟಳು. ನನ್ನನ್ನು ಏನೂ ಅನ್ನಲಿಲ್ಲ. ಏನಾದರೂ ಅಂದಿದ್ದರೆ ತಿರುಗಿ ಅನ್ನುವುದಕ್ಕೆ ನನ್ನ ಹತ್ತಿರ ಮಾತು ಸಿದ್ಧವಿತ್ತು.

ಬ್ಯಾಟರಿಗೆ ಮತ್ತೆ ಚಾರ್ಜ್ ಮಾಡಿಸಿ ಹಾಕಿದ್ದೆ. ಮುಂದಿನ ಭಾನುವಾರ ಬೆಳಿಗ್ಗೆ, ಕಾಯಿ ಚೀಲ ಇಳಿಸಲು ಡಿಕ್ಕಿ ತೆಗೆದಾಗ ಒಳಗೆ ಒಂದು ಪುಟ್ಟ ಬಲ್ಬು ಉರಿಯಿತು. ಮುಚ್ಚಿದೆ. ತೆಗೆದೆ. ಉರಿಯುತ್ತಿತ್ತು. ಮುಚ್ಚಿದಾಗ ಇದು ಆರುತ್ತದೋ ಇಲ್ಲವೋ? ಮುಚ್ಚಿದ ಮೇಲೆ ನೋಡುವುದು ಹೇಗೆ? ಪುಟ್ಟಸ್ವಾಮಿಯವರನ್ನು ಕೇಳಿದೆ. ಅವರು ಗಂಭೀರವಾಗಿ, "ಯಾರಾದ್ರೂ ಒಳಕ್ಕೋಗಿ ನೋಡ್ಬೇಕು" ಎಂದರು. ಹಾಗೆಂದು ಒಂದು ಹೆಜ್ಜೆ ಹಿಂದೆ ಸರಿದರು.

ನಾನೇ ಹೋದೆ. ಇಂಥ ಮುಖ್ಯ ಕೆಲಸವನ್ನು ಬೇರೆಯವರ ಕಣ್ಣಿಗೆ ಬಿಡುವುದುಂಟೇ? ಫೋನನ್ನು ನಾಗರತ್ನಳ ಕೈಗೆ ಕೊಟ್ಟು, ಮಂಡಿಯನ್ನು ಗಲ್ಲಕ್ಕೆ ತಂದು, ಸ್ಟೆಪ್ನಿಯ ಮೇಲೆ ಮುದುಡಿಕೊಂಡೆ. ಸೊಂಟದಲ್ಲಿ ಏನೋ 'ಟಿಕ್' ಎಂದಿತು. ಪುಟ್ಟಸ್ವಾಮಿ ಮುಚ್ಚಳ ಹಾಕಿ ಮೇಲೆ ತಟ್ಟಿದರು. "ರೈಟ್!"

ಬಲ್ಬು ಆರಲಿಲ್ಲ.

ನನ್ನ ಮೂಗಿನ ಮುಂದೆಯೇ, ಗರ್ಭಗುಡಿಯ ದೀಪದ ಹಾಗೆ, ತಣ್ಣಗೆ ಉರಿಯುತ್ತಿತ್ತು. ಅದರ ಬೆಳಕಿನಲ್ಲಿ ಎಲ್ಲ ಕಂಡಿತು. ಮುಚ್ಚಳ ಇಳಿದಾಗ ಒತ್ತಬೇಕಾದ ಸಣ್ಣ ಗುಂಡಿಯೊಂದು ಅಂಚಿನಲ್ಲಿತ್ತು. ಮುಚ್ಚಳ ಅದನ್ನು ಮುಟ್ಟುತ್ತಲೇ ಇರಲಿಲ್ಲ. ಮಧ್ಯದಲ್ಲಿ ನನ್ನ ಪುಕ್ಕಟೆ ರಬ್ಬರ್ ಪಟ್ಟಿ ಅಡ್ಡ ನಿಂತಿತ್ತು. ಲಾರಿಯದ್ದು. ದಪ್ಪದ್ದು.

"ಸಿಕ್ತು!" ಎಂದು ಕೂಗಿದೆ. "ಸಿಕ್ತು ಕಣೇ ನಾಗರತ್ನಾ! ತಗೀರಿ!"

ಯಾರೂ ತೆಗೆಯಲಿಲ್ಲ. ಹೊರಗೆ ನನ್ನ ಫೋನ್ ರಿಂಗಾಗುತ್ತಿತ್ತು. ಅದು ನಿಂತಿತು. ನಾಗರತ್ನಳ ದನಿ ಕೇಳಿತು. "ಹಲೋ... ಹ್ಞೂಂ ಮಂಜಾ... ಯಾವಾಗ?" ನಾನು ಇನ್ನೂ ಖುಷಿಯಲ್ಲೇ ಮುಚ್ಚಳ ಬಡಿಯುತ್ತಿದ್ದೆ. "ಇವತ್ತೇ ಹೊರಡ್ತೀನಿ ಅಂತ ಹೇಳು! ಕಾರು ಸರಿಹೋಯ್ತು ಅಂತ ಹೇಳು ಅಕ್ಕಂಗೆ!"

ಮುಚ್ಚಳ ತೆರೆಯಿತು. ಬಿಸಿಲಿಗೆ ಅವಳ ಮುಖ ಸರಿಯಾಗಿ ಕಾಣಲಿಲ್ಲ.

"ಅತ್ತಿಗೆ ಬಿದ್ಬುಟ್ರಂತೆ ಕಣ್ರೀ. ಬಾಯಿ ಸೊಟ್ಟಗಾಗೈತಂತೆ. ಮಾತು ಬತ್ತಿಲ್ವಂತೆ. ಹಾಸನಕ್ಕೆ ಕರ್ಕೊಂಡ್ ಹೋಯ್ತಾವ್ರಂತೆ."

ಎದ್ದು ಓಡಬೇಕು. ಏಳಲಾಗಲಿಲ್ಲ. ಸೊಂಟ ಹಿಡಿದುಹೋಗಿತ್ತು. ಎಲ್ಲ ಗಂಡಸರೂ ಇಂಥ ಸುದ್ದಿಯನ್ನು ನಿಂತೋ ಕುಳಿತೋ ಕೇಳುತ್ತಾರೆ. ನಾನು ಸ್ಟೆಪ್ನಿಯ ಮೇಲೆ ಮುದುಡಿಕೊಂಡು ಕೇಳಿದೆ, ಅಲ್ಲೇ ಅತ್ತೆ. ಆಮೇಲೆ ಪುಟ್ಟಸ್ವಾಮಿ ಕಂಕುಳಿಗೆ ಕೈ ಹಾಕಿ, ನಾಗರತ್ನ ಕಾಲು ಹಿಡಿದು, ಕಾಯಿ ಚೀಲದ ಹಾಗೆ ನನ್ನನ್ನು ಇಳಿಸಿದರು. ಪುಟ್ಟಸ್ವಾಮಿಯೇ ಓಡಿಹೋಗಿ ಬಾಡಿಗೆ ಕಾರು ತಂದರು. ಎಷ್ಟು ಎಂದು ನಾನು ಕೇಳಲಿಲ್ಲ. ಇಳಿದಾಗ ಡ್ರೈವರ್ ಕೇಳಿದಷ್ಟು ಕೊಟ್ಟೆ. ಅವನಿಗೇ ಗಾಬರಿಯಾಗಿ, "ಯಾಕೆ ಸಾ, ಉಸಾರಿಲ್ವಾ?" ಎಂದ.

ಆಸ್ಪತ್ರೆಯಲ್ಲಿ ಅಕ್ಕ ಕಣ್ಣು ತೆರೆದುಕೊಂಡೇ ಮಲಗಿದ್ದಳು. ಬಲಗಡೆ ಪೂರ್ತಿ ಸತ್ತುಹೋಗಿತ್ತು. ನನ್ನನ್ನು ನೋಡಿದಳು. ಗುರುತು ಸಿಕ್ಕಿತೋ ಇಲ್ಲವೋ ಹೇಳಲಾರೆ. ನನ್ನ ಕೈಯನ್ನು ಹಿಡಿದದ್ದು ನಿಜ. ಮಂಜ ಗೋಡೆಗೆ ಒರಗಿ ನಿಂತಿದ್ದ.

"ಅವತ್ತು ಉಟ್ಟಿದ್ ಸೀರೆನಾ ಮಡಿಸಿ ಒಳಕ್ಕೆ ಇಕ್ಲೇ ಇಲ್ಲ ಮಾವ. ಗಳದ ಮೇಲೇ ಆಕವ್ಳೆ. 'ನಿಮ್ಮಾವ ಯಾವತ್ ಬತ್ತಾನೋ ಏನೋ, ಇಲ್ಲೇ ಇರ್ಲಿ' ಅಂತಿದ್ಲು."



ಆಸ್ಪತ್ರೆಯಿಂದ ಬಿಟ್ಟ ಮೇಲೆ ಅವಳನ್ನು ಹಳೇಕೋಟೆಗೆ ಕರೆದುಕೊಂಡು ಹೋದರು. ನಾಲ್ಕು ದಿನ ಬಿಟ್ಟು ನಾನು ಹೋದೆ. ಕಾರಿನಲ್ಲಿ. ರಬ್ಬರ್ ಪಟ್ಟಿ ಕಿತ್ತು ಬಿಸಾಕಿದ್ದೆ. ಒಂದೇ ಸಲಕ್ಕೆ ಶುರುವಾಯಿತು, ಹಾಳು ಕಾರು! ಹೊಸ್ತಿಲ ಹತ್ತಿರ ನಿಂತು "ಬಾ ಅಕ್ಕ" ಎಂದೆ. ಮಂಜ ಅವಳಿಗೆ ಆ ಸೀರೆಯನ್ನೇ ಉಡಿಸಿದ್ದ, ನೆರಿಗೆ ಸರಿಯಾಗಿ ಬಂದಿರಲಿಲ್ಲ. ಇಬ್ಬರೂ ಎತ್ತಿ ಮುಂದಿನ ಸೀಟಿನಲ್ಲಿ ದಿಂಬಿಟ್ಟು ಕೂರಿಸಿದೆವು. ಮಂಜ ಹಿಂದೆ ಹತ್ತಿದ. ಇಡೀ ಬೀದಿ ಬಂದು ನಿಂತಿತ್ತು. ಯಾರೂ ಕಾರನ್ನು ನೋಡುತ್ತಿರಲಿಲ್ಲ.

ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಎಸಿ ಹಾಕಿ ತೋರಿಸಿದೆ. ಕಿಟಕಿ ಇಳಿಸಿ, ಏರಿಸಿ ತೋರಿಸಿದೆ. ಅವಳು ಮುಂದಕ್ಕೆ ನೋಡುತ್ತಿದ್ದಳು, ಅಷ್ಟೇ. ಹೊಳೆನರಸೀಪುರದ ಬಸ್ ಸ್ಟ್ಯಾಂಡು ಬಂತು. ಆಗ ಅವಳಲ್ಲಿ ಏನೋ ಚಲನೆ ಕಂಡಿತು. ಗಂಟಲಲ್ಲಿ ಸದ್ದು ಮಾಡಿದಳು. ಎಡಗೈಯಿಂದ ಸೀಟಿನ ಕೆಳಗೆ ಏನನ್ನೋ ತಡಕಾಡಿದಳು. ಸೆರಗು ಹುಡುಕಿ ಹೆಗಲಿಗೆ ಎಳೆದುಕೊಂಡಳು. ಬಾಗಿಲನ್ನು ತಳ್ಳಿದಳು.

"ಏನಾಯ್ತು ಮಾವ?" ಎಂದ ಮಂಜ.

ನನಗೆ ತಿಳಿಯಿತು. ಪ್ರತಿ ವರ್ಷ ನಾವು ಇಲ್ಲೇ ಇಳಿದು ಚನ್ನರಾಯಪಟ್ಟಣದ ಬಸ್ಸು ಹಿಡಿಯುತ್ತಿದ್ದೆವು. ಅಕ್ಕ ಚೀಲ ಹುಡುಕುತ್ತಿದ್ದಳು. ಅವಳು ಬಸ್ಸಿನಲ್ಲಿ ಇದ್ದಳು.

"ಇಳಿಯೋದು ಬ್ಯಾಡ ಕಣಕ್ಕಾ. ಇದು ನಮ್ ಕಾರು. ಸೀದಾ ಮನೆಗೇ ಹೋಯ್ತದೆ."

ಕೇಳಲಿಲ್ಲ. ಬಾಗಿಲು ತಳ್ಳುತ್ತಲೇ ಇದ್ದಳು. ಗಾಡಿ ಬದಿಗೆ ಹಾಕಿ ಎಂಜಿನ್ ಆಫ್ ಮಾಡಿದೆ. ಅವಳ ಕಡೆಯ ಬಾಗಿಲು ತೆಗೆದೆ. ಅವಳು ಬಸ್ಸುಗಳನ್ನು ನೋಡುತ್ತಾ ಸುಮ್ಮನೆ ಕುಳಿತಳು. ಚನ್ನರಾಯಪಟ್ಟಣದ ಬಸ್ಸೊಂದು ಬಂದು, ಜನ ತುಂಬಿಸಿಕೊಂಡು ಹೋಯಿತು. ಅಕ್ಕ ನನ್ನ ಮುಖ ನೋಡಿದಳು. ಬೇರೆ ವರ್ಷಗಳಲ್ಲಾದರೆ "ಓಯ್ತಲ್ಲೋ ದಡ್ಡಾ, ಓಡಿ ಸೀಟ್ ಇಡಿಯಾದಲ್ವಾ" ಎಂದು ಬೈಯುತ್ತಿದ್ದಳು.

ಓದುಗರೇ, ನಿಮ್ಮ ಕಾರಿನ ಬ್ಯಾಟರಿಯೂ ಪದೇ ಪದೇ ಸಾಯುತ್ತಿದ್ದರೆ ನನ್ನ ಮಾತು ಕೇಳಿ. ಮೊದಲು ಡಿಕ್ಕಿಯ ಬಲ್ಬು ನೋಡಿ. ನೋಡಲು ನೀವು ಒಳಗೆ ಹೋಗಬೇಡಿ. ಮೊಬೈಲಿನಲ್ಲಿ ವಿಡಿಯೊ ಹಚ್ಚಿ ಒಳಗಿಟ್ಟು ಮುಚ್ಚಿದರೆ ಸಾಕು. ಇದು ನಾಗರತ್ನ ಆಮೇಲೆ ಹೇಳಿದ್ದು. ಅವಳನ್ನು ಮೊದಲು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ. ತಳ್ಳಿ ಶುರು ಮಾಡಿದ ಗಾಡಿಯನ್ನು ದಾರಿಯಲ್ಲಿ ಆಫ್ ಮಾಡಬೇಡಿ, ಹೂವನ್ನು ಹೇಳಿದ ರೇಟಿಗೇ ಕೊಳ್ಳಿ. ಆದರೂ ಕರೆಯುವ ದಿನವೇ ಕಾರು ಕೈಕೊಟ್ಟರೆ, ಅದನ್ನು ಅಲ್ಲೇ ಬಿಟ್ಟು ಬಸ್ ಸ್ಟ್ಯಾಂಡಿಗೆ ನಡೆಯಿರಿ. ಹಬ್ಬದ ಹಿಂದಿನ ದಿನ ಬಸ್ಸು ಬಹಳ ರಶ್ ಇರುತ್ತದೆ. ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿ. ಹೋಗುವಾಗ ಒಂದು ಸೀಟು ಸಾಕು. ಬರುವಾಗ ಎರಡು ಹಿಡಿಯಿರಿ.